ಅರಮನೆಯಂಗಳದಲ್ಲಿ ಚರಂಡಿ ತೋಡುವಾಗ: ಕೊಡಗಿನ ನೆಲಕ್ಕೆ ಹೊಂದುವ ಪುರಾತತ್ವ ನಿಗಾ

ಎರಡು ಶತಮಾನದ ಮುಂಗಾರು ದಾಟಿ ನಿಂತಿರುವ ಕಟ್ಟಡಕ್ಕೆ ಚರಂಡಿಯೇ ಇರಲಿಲ್ಲ ಎಂದರೆ ನಂಬುವುದು ಕಷ್ಟ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ ಸುರಿಯುತ್ತದೆ. ಕೊಡಗಿನ ಅರಸ ಲಿಂಗರಾಜೇಂದ್ರ 1812–14ರಲ್ಲಿ ಇಟ್ಟಿಗೆ, ಗಾರೆ ಬಳಸಿ ಕೋಟೆಯೊಳಗೆ ಕಟ್ಟಿಸಿದ ಅರಮನೆ ಆ ಮಳೆಯನ್ನು ತಡೆದುಕೊಂಡು ಬಂದಿದೆ. ಕಕ್ಕಬ್ಬೆ ಬಳಿ, ತಡಿಯಂಡಮೋಳ್ ಬೆಟ್ಟದ ಬುಡದಲ್ಲಿ ದೊಡ್ಡ ವೀರರಾಜೇಂದ್ರ 1792–94ರಲ್ಲಿ ಕಟ್ಟಿಸಿದ ನಾಲ್ಕುನಾಡು ಅರಮನೆಯೂ ಹಾಗೆಯೇ. ನೀರು ಹೊರಹೋಗಲು ದಾರಿ ಇದ್ದೇ ಇತ್ತು. ಈಗ ಅದು ಹೂಳು ತುಂಬಿ, ಮೇಲೆ ಮಣ್ಣು ಬಿದ್ದು, ಅದರ ಮೇಲೆ ಯಾರೋ ಕಾಂಕ್ರೀಟ್ ಹಾಕಿ ಕಾಣೆಯಾಗಿರುತ್ತದೆ ಅಷ್ಟೇ.

ಆದ್ದರಿಂದ ಮೊದಲ ಸಲಹೆ: ಹೊಸ ಚರಂಡಿಯ ನಕ್ಷೆ ಬರೆಯುವ ಮುನ್ನ ಹಳೆಯ ಚರಂಡಿ ಹುಡುಕಿ. ಅದು ಸಿಕ್ಕರೆ ಹೊಸದಾಗಿ ಅಗೆಯಬೇಕಾದ ಉದ್ದ ಕಡಿಮೆಯಾಗುತ್ತದೆ. ಸಿಗದಿದ್ದರೂ ಎಲ್ಲಿ ಇಲ್ಲ ಎಂಬುದಾದರೂ ತಿಳಿಯುತ್ತದೆ. ಈ ಮಾರ್ಗದರ್ಶಿ, ಇಂಥ ಅಂಗಳದಲ್ಲಿ ಚರಂಡಿ ಅಗೆಯುವಾಗ ನೆಲದಡಿಯ ಹಳೆಯ ಕುರುಹುಗಳು ಕೆಡದಂತೆ ನಿಗಾ ಇಡುವ ಪುರಾತತ್ವಜ್ಞರಿಗೆ, ಅವರ ಪಕ್ಕದಲ್ಲಿ ನಿಲ್ಲುವ ಎಂಜಿನಿಯರಿಗೆ ಮತ್ತು ಮೇಸ್ತ್ರಿಗೆ.

ಅನುಮತಿಯ ವಿಷಯದಲ್ಲಿ ಒಂದು ಸಾಮಾನ್ಯ ತಪ್ಪು

1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಬಂದ ತಿದ್ದುಪಡಿಯು ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರನ್ನು ನಿಷೇಧಿತ ಪ್ರದೇಶ, ಅದರಾಚೆಯ 200 ಮೀಟರನ್ನು ನಿಯಂತ್ರಿತ ಪ್ರದೇಶ ಎಂದು ಗುರುತಿಸುತ್ತದೆ. ಅದೇ ತಿದ್ದುಪಡಿ ‘ನಿರ್ಮಾಣ’ ಪದದ ವ್ಯಾಖ್ಯೆಯಿಂದ ಚರಂಡಿ ಕೆಲಸವನ್ನು ಹೊರಗಿಟ್ಟಿದೆ. ಗುತ್ತಿಗೆದಾರರು ಇದನ್ನೇ ಹಿಡಿದುಕೊಂಡು ‘ಚರಂಡಿಗೆ ಪರ್ಮಿಷನ್ ಬೇಡ ಸಾರ್’ ಎನ್ನುತ್ತಾರೆ. ಆ ವಿನಾಯಿತಿ ಸುತ್ತಲಿನ ಪ್ರದೇಶದ ಮಾತು. ಸಂರಕ್ಷಿತ ಗಡಿಯೊಳಗೇ ನೆಲ ಅಗೆಯುವುದಕ್ಕೆ ಕಾಯ್ದೆಯ 19ನೇ ಸೆಕ್ಷನ್ ಅನ್ವಯಿಸುತ್ತದೆ, ಕೇಂದ್ರದ ಅನುಮತಿ ಬೇಕು. ರಾಜ್ಯ ಸಂರಕ್ಷಿತ ಸ್ಮಾರಕವಾದರೆ 1961ರ ಕರ್ನಾಟಕ ಕಾಯ್ದೆಯಡಿ ರಾಜ್ಯ ಪುರಾತತ್ವ ಇಲಾಖೆಯ ಬಾಗಿಲು ತಟ್ಟಬೇಕು. ಗಡಿ ಎಲ್ಲಿ ಮುಗಿಯುತ್ತದೆ ಎಂಬುದನ್ನು ಬೇಲಿ ನೋಡಿ ತೀರ್ಮಾನಿಸಬೇಡಿ. ಅಧಿಸೂಚನೆಯ ಸರ್ವೆ ನಂಬರಿನ ನಕ್ಷೆ ತರಿಸಿ.

ಟೆಂಡರಿನಲ್ಲೇ ಬರೆಸಬೇಕಾದ ಸಾಲು ಒಂದಿದೆ: ಕೆಲಸ ನಿಲ್ಲಿಸುವ ಅಧಿಕಾರ ಸ್ಥಳದಲ್ಲಿರುವ ಪುರಾತತ್ವಜ್ಞರದ್ದು, ನಿಂತ ದಿನಗಳಿಗೆ ಯಂತ್ರದ ಬಾಡಿಗೆ ಯಾರು ಕೊಡಬೇಕು ಎಂಬುದು ಮೊದಲೇ ನಿಗದಿ. ಈ ಎರಡನೆಯ ಭಾಗ ಬಿಟ್ಟುಹೋದರೆ ಮೊದಲ ಭಾಗ ಕಾಗದದಲ್ಲೇ ಉಳಿಯುತ್ತದೆ. ಯಂತ್ರ ನಿಂತ ಪ್ರತಿ ಗಂಟೆಗೂ ಗುತ್ತಿಗೆದಾರ ತನ್ನ ಕೈಯಿಂದ ಕಳೆದುಕೊಳ್ಳುವಂತಿದ್ದರೆ, ಕಲ್ಲು ಕಂಡರೂ ಕಾಣದಂತೆ ಅಗೆಯುವ ಒತ್ತಡ ಆಪರೇಟರ್ ಮೇಲೆ ಬೀಳುತ್ತದೆ.

ಯಾವಾಗ ಅಗೆಯಬೇಕು

ಮಳೆಗಾಲದಲ್ಲಿ ನೋಡುವುದು, ಮಳೆಯಿಲ್ಲದ ತಿಂಗಳುಗಳಲ್ಲಿ ಅಗೆಯುವುದು. ಕಕ್ಕಡದ (ಜುಲೈ–ಆಗಸ್ಟ್‌ನ ಕೊಡವ ತಿಂಗಳು) ಮಳೆಯಲ್ಲಿ ಕೊಡೆ ಹಿಡಿದು ಅಂಗಳ ಸುತ್ತಿ ನೀರು ಎಲ್ಲಿ ನಿಲ್ಲುತ್ತದೆ, ಗೋಡೆಯ ಯಾವ ಬುಡದಲ್ಲಿ ಇಂಗುತ್ತದೆ, ಮಳೆ ನಿಂತು ಎರಡು ಗಂಟೆಯಾದರೂ ಎಲ್ಲಿಂದ ಜಿನುಗುತ್ತದೆ ಎಂದು ಗೂಟ ಹೊಡೆದು ಗುರುತಿಸಿ. ಹೊರಗೋಡೆಯಾಚೆ ಇಳಿಜಾರಿನಲ್ಲಿ ಒಂದೇ ಕಡೆ ಹಸಿರು ದಟ್ಟವಾಗಿದ್ದರೆ, ಕೆಸರು ಆರದಿದ್ದರೆ, ಅಲ್ಲಿ ಹಳೆಯ ಮೋರಿಯ ಬಾಯಿ ಇರುವ ಸಾಧ್ಯತೆ ಹೆಚ್ಚು.

ಅಗೆತಕ್ಕೆ ಸುಗ್ಗಿಹಬ್ಬವಾದ ಹುತ್ತರಿ ಕಳೆದ ಮೇಲಿನಿಂದ, ಕಾಫಿ ಹೂ ಅರಳಿಸುವ ಹೂಮಳೆ ಬರುವ ತನಕದ ಅವಧಿ ಒಳ್ಳೆಯದು. ಆದರೆ ಆ ತಿಂಗಳುಗಳೇ ಕಾಫಿ ಕೊಯ್ಲಿನವು. ಡಿಸೆಂಬರಿನಲ್ಲಿ ಬಂದು ಆಳು ಹುಡುಕಿದರೆ ಸಿಗುವುದಿಲ್ಲ. ಅಕ್ಟೋಬರಿನಲ್ಲೇ ಮಾತಾಡಿಟ್ಟುಕೊಂಡು, ಕೊಯ್ಲಿನ ದರಕ್ಕೆ ಕಡಿಮೆಯಾಗದ ಕೂಲಿ ಅಂದಾಜುಪಟ್ಟಿಯಲ್ಲಿ ಹಾಕಿ. ಮಾರ್ಚ್‌ಗೆ ತಳ್ಳಿದರೆ ಒಂದು ಸಂಜೆಯ ಗುಡುಗುಮಳೆ ಸಾಕು, ತೆರೆದಿಟ್ಟ ಕಾಲುವೆಯ ಛೇದ (ಮಣ್ಣಿನ ಪದರಗಳು ಕಾಣುವ ಅಗೆದ ಬದಿ) ಕುಸಿದು ಎಲ್ಲ ಸ್ತರ ಒಂದಾಗುತ್ತದೆ.

ಹಳೆಯ ಚರಂಡಿ ಹುಡುಕುವುದು

ಒಂದೂವರೆ ಮೀಟರ್ ಉದ್ದದ ಹಾರೆಯ ಹಿಡಿಯಿಂದ ಅಂಗಳದ ಹಾಸುಗಲ್ಲನ್ನು ಸಾಲಾಗಿ, ಅರ್ಧ ಮೀಟರಿಗೊಂದರಂತೆ ಮೆಲ್ಲಗೆ ತಟ್ಟುತ್ತಾ ಹೋಗಿ. ಕೆಳಗೆ ಪೊಳ್ಳಿದ್ದರೆ ಸದ್ದು ಬದಲಾಗುತ್ತದೆ. ಪೊಳ್ಳು ಸದ್ದಿನ ಕಲ್ಲುಗಳಿಗೆ ಸೀಮೆಸುಣ್ಣದ ಗುರುತು ಹಾಕಿ ಮೇಲಿನ ಜಗಲಿಯಿಂದ ನೋಡಿದರೆ ಗೆರೆ ಮೂಡಿರುತ್ತದೆ, ಇಲ್ಲವೇ ಅಲ್ಲಲ್ಲಿ ಬಿಡಿ ಚುಕ್ಕೆಗಳಿರುತ್ತವೆ. ಬಿಡಿ ಚುಕ್ಕೆಗಳೆಂದರೆ ಹೆಚ್ಚಾಗಿ ಗೆದ್ದಲು ಅಥವಾ ಹೆಗ್ಗಣದ ಬಿಲ.

ಬಾಯಿ ಸಿಕ್ಕಿದರೆ ಎರಡು ಪರೀಕ್ಷೆ. ಮೇಲಿನ ಕಿಂಡಿಗೆ 200 ಲೀಟರ್ ನೀರಿನ ಜೊತೆ ಎರಡು ಹಿಡಿ ಭತ್ತದ ಹೊಟ್ಟು ಹಾಕಿ, ಕೆಳಬಾಯಿಯಲ್ಲಿ ಒಬ್ಬರನ್ನು ಜಾಲರಿ ಹಿಡಿಸಿ ನಿಲ್ಲಿಸಿ. ಹೊಟ್ಟು ಬಂದರೆ ಸಂಪರ್ಕ ಖಚಿತ. ನೀರು ಬಂದು ಹೊಟ್ಟು ಬರದಿದ್ದರೆ ಎಲ್ಲೋ ಹೂಳಿನಲ್ಲಿ ಸೋಸಿಹೋಗುತ್ತಿದೆ. ಎರಡೂ ಬರದಿದ್ದರೆ ನೀರು ಅಡಿಪಾಯದ ಕೆಳಗೆ ಹೋಗುತ್ತಿರಬಹುದು, ಆಗ ಮತ್ತೆ ನೀರು ಸುರಿಯಬೇಡಿ. ಎರಡನೆಯದು ತಳ್ಳು ಕ್ಯಾಮೆರಾ. ನಗರದ ಒಳಚರಂಡಿ ಕೆಲಸದವರ ಬಳಿ ಬಾಡಿಗೆಗೆ ಸಿಗುವಂಥದ್ದೇ ಸಾಕು. ಕೇಬಲ್ ಮೇಲೆ ಪ್ರತಿ ಮೀಟರಿಗೆ ಟೇಪ್ ಸುತ್ತಿಕೊಂಡರೆ ಅಡ್ಡಿ ಎಷ್ಟು ದೂರದಲ್ಲಿದೆ ಎಂದು ಮೇಲಿನಿಂದಲೇ ಗುರುತಿಸಬಹುದು.

ಹೂಳು ತೆಗೆದರೆ ಕೆಲಸ ಮಾಡುವ ಚರಂಡಿಯಾದರೆ ಹೂಳು ತೆಗೆಯುವುದೇ ಕೆಲಸ. ಅದರ ಪಕ್ಕದಲ್ಲಿ ಪೈಪ್ ಹೂಳುವುದಕ್ಕೆ ಕಾರಣವೇ ಇಲ್ಲ. ಹೊಸ ಸಾಲು ಬೇಕೇಬೇಕಾದರೆ ಇಪ್ಪತ್ತನೆಯ ಶತಮಾನದಲ್ಲಿ ನೀರಿನ ಪೈಪಿಗೋ ವಿದ್ಯುತ್ ಕೇಬಲ್ಲಿಗೋ ಅಗೆದು ಈಗಾಗಲೇ ಕೆಡಿಸಿಟ್ಟ ಗೆರೆಯಲ್ಲೇ ಹೋಗಿ. ಎರಡು ಮೂಲೆ ಹೆಚ್ಚು ತಿರುಗಬೇಕಾದರೂ ಚಿಂತೆಯಿಲ್ಲ. ಪ್ರತಿ ತಿರುವಿಗೆ ಒಂದು ಚೇಂಬರ್ (ತೆರೆದು ಶುಚಿ ಮಾಡುವ ತೊಟ್ಟಿ) ಖರ್ಚು, ಯಾರೂ ಅಗೆಯದ ಕನ್ನೆನೆಲ ಉಳಿಯುತ್ತದೆ.

ಗೋಡೆಯ ಬುಡ: ಮೊದಲು ಪರೀಕ್ಷಾ ಗುಂಡಿ

ಅಡಿಪಾಯ ಎಷ್ಟು ಆಳಕ್ಕಿದೆ ಎಂದು ತಿಳಿಯದೆ ಚರಂಡಿಯ ಆಳ ನಿರ್ಧರಿಸುವಂತಿಲ್ಲ. ಗೋಡೆಗೆ ತಾಗಿದಂತೆ 60 × 60 ಸೆಂ.ಮೀ. ಗುಂಡಿಯನ್ನು ಕರಣೆಯಿಂದ ತೆಗೆಯಿರಿ. ತಳದ ಕಲ್ಲು ಕಂಡ ಕೂಡಲೇ ನಿಲ್ಲಿಸಿ, ಅಳೆದು, ಚಿತ್ರ ಬರೆದು ಅದೇ ದಿನ ಮುಚ್ಚಿ. ಉದ್ದ ಗೋಡೆಗೆ 10–15 ಮೀಟರಿಗೊಂದು ಗುಂಡಿ ಬೇಕು. ಇಳಿಜಾರಿನಲ್ಲಿ ಕಟ್ಟಿದ ಕಟ್ಟಡದ ಅಡಿಪಾಯ ಒಂದೇ ಆಳಕ್ಕಿರುವುದು ಅಪರೂಪ.

ಅಡಿಪಾಯದ ತಳದಿಂದ ಹೊರಗೆ 45 ಡಿಗ್ರಿಯಲ್ಲಿ ಇಳಿಯುವ ಗೆರೆಯನ್ನು ಕಾಗದದಲ್ಲಿ ಎಳೆಯಿರಿ. ಕಾಲುವೆಯ ತಳ ಆ ಗೆರೆಯ ಕೆಳಗೆ ಇಳಿಯಬಾರದು ಎಂಬುದು ಎಂಜಿನಿಯರಿಂಗ್ ಪಾಠ. ನಮ್ಮ ಕೆಂಪು ಜೇಡಿ ನೀರು ಕುಡಿದಾಗ ಅಷ್ಟು ಧೈರ್ಯ ಬೇಡ. ಗೋಡೆಯಿಂದ 1.5 ಮೀಟರಿನೊಳಗೆ ಹೋಗುವ ಸಾಲು ಅಡಿಪಾಯದ ತಳಕ್ಕಿಂತ ಆಳಕ್ಕೆ ಇಳಿಯದಿರಲಿ, ಒಮ್ಮೆಗೆ 2 ಮೀಟರಿಗಿಂತ ಹೆಚ್ಚು ಉದ್ದ ತೆರೆಯದಿರಿ. ಇನ್ನೊಂದು ಅಪಾಯವೂ ಇದೆ. ಹತ್ತಾರು ವರ್ಷ ಒದ್ದೆಯಾಗಿಯೇ ಇದ್ದ ಜೇಡಿಯನ್ನು ಒಂದೇ ಬೇಸಿಗೆಯಲ್ಲಿ ಒಣಗಿಸಿದರೆ ಅದು ಕುಗ್ಗಿ ಗೋಡೆ ಬಿರುಕು ಬಿಡುತ್ತದೆ. ಬಿರುಕುಗಳಿಗೆ ಅಡ್ಡಲಾಗಿ, ಬಿರುಕು ಅಗಲವಾದರೆ ಒಡೆಯುವಂತೆ ಗಾಜಿನ ಪಟ್ಟಿ ಅಂಟಿಸಿ ದಿನಾಂಕ ಬರೆದು, ಕೆಲಸ ಶುರುವಾಗುವ ತಿಂಗಳ ಮೊದಲೇ ಗಮನಿಸಲಾರಂಭಿಸಿ.

ಅಗೆತ

ಲೆಕ್ಕ ಹೀಗಿರುತ್ತದೆ. 40 ಮೀಟರ್ ಸಾಲಿಗೆ 100ಕ್ಕೆ 1ರ ಇಳಿಜಾರು ಎಂದರೆ ಕೊನೆಯಲ್ಲಿ 40 ಸೆಂ.ಮೀ. ಇಳಿತ. ಸಮತಟ್ಟು ಅಂಗಳದಲ್ಲಿ 60 ಸೆಂ.ಮೀ.ಯಿಂದ ಶುರುವಾದದ್ದು 1 ಮೀಟರಿಗೆ ಮುಗಿಯುತ್ತದೆ. 45 ಸೆಂ.ಮೀ. ಅಗಲಕ್ಕೆ ಸುಮಾರು 14.4 ಘನಮೀಟರ್ ಮಣ್ಣು, ಅಗೆದು ಸಡಿಲಾದಾಗ 18ರ ಹತ್ತಿರ. ಅದನ್ನು ಹಾಕುವ ಜಾಗ ಮೊದಲೇ ನಿಗದಿಯಾಗಿರಲಿ. ಅಂಚಿನಿಂದ 1.5 ಮೀಟರ್ ದೂರ, ಟಾರ್ಪಾಲಿನ ಮೇಲೆ, 5 ಮೀಟರಿಗೊಂದು ಪ್ರತ್ಯೇಕ ಗುಡ್ಡೆ. ಒಂದೇ ಗುಡ್ಡೆ ಮಾಡಿದರೆ ಅದರಲ್ಲಿ ಸಿಕ್ಕ ನಾಣ್ಯ ಎಲ್ಲಿಯದು ಎಂದು ಹೇಳಲಾಗದು.

ಯಂತ್ರವನ್ನು ಕಾಂಕ್ರೀಟ್ ಮತ್ತು ಖಚಿತವಾಗಿ ಆಧುನಿಕವಾದ ಮೇಲ್ಮಣ್ಣು ತೆಗೆಯುವುದಕ್ಕೆ ಮಾತ್ರ ಬಿಡಿ. ದೊಡ್ಡ ಜೆಸಿಬಿಯ ಭಾರ ಹಾಸುಗಲ್ಲಿನ ಕೆಳಗಿನ ಮೋರಿಯನ್ನು ಮುರಿಯುತ್ತದೆ, ಮಿನಿ ಹಿಟಾಚಿ ಸಾಕು. ಬಕೆಟ್ಟಿಗೆ ಹಲ್ಲು ಇರಬಾರದು. ಹಲ್ಲಿನ ಬಕೆಟ್ ಎಳೆದ ನೆಲದಲ್ಲಿ ಗೀರುಗಳಷ್ಟೇ ಕಾಣುತ್ತವೆ, ಮಣ್ಣಿನ ಬಣ್ಣ ಬದಲಾಗುವ ಗೆರೆ ಮುಚ್ಚಿಹೋಗುತ್ತದೆ. ಹಲ್ಲಿಲ್ಲದ ಬಕೆಟ್ ಊರಿನಲ್ಲಿ ಸಿಗದಿದ್ದರೆ ಹಲ್ಲುಗಳಿಗೆ ಅಡ್ಡಲಾಗಿ ಉಕ್ಕಿನ ಪಟ್ಟಿ ವೆಲ್ಡ್ ಮಾಡಿಸಿ, ಯಾವ ವರ್ಕ್‌ಶಾಪಿನಲ್ಲೂ ಆಗುವ ಕೆಲಸ. ಒಂದು ಎಳೆತಕ್ಕೆ 10 ಸೆಂ.ಮೀ. ಮೀರಬಾರದು. ನಿಗಾ ಇಡುವವರು ಆಪರೇಟರಿಗೆ ಕಾಣುವಂತೆ ಎದುರು ನಿಲ್ಲಬೇಕು, ಅಂಗೈ ಎತ್ತಿದರೆ ನಿಲುಗಡೆ. ಇಂಜಿನ್ ಸದ್ದಿನಲ್ಲಿ ಕೂಗಿದ್ದು ಕೇಳುವುದಿಲ್ಲ.

ಗಾರೆ, ಇಟ್ಟಿಗೆ ಸಾಲು, ಹಾಸುಗಲ್ಲು, ಕಪ್ಪು ಬೂದಿಮಣ್ಣು, ಮಣ್ಣಿನ ಬಣ್ಣದಲ್ಲಿ ನೇರ ಅಂಚು ಇವುಗಳಲ್ಲಿ ಯಾವುದು ಕಂಡರೂ ಯಂತ್ರ ಹಿಂದೆ ಸರಿಯಲಿ. ಅಲ್ಲಿಂದ ಮುಂದೆ ಗುದ್ದಲಿ, ಕರಣೆ, ಕುಂಚ. ಇಬ್ಬರು ಪಳಗಿದ ಆಳುಗಳು ಒಂದು ಘನಮೀಟರ್, ಅಂದರೆ ಈ ಅಳತೆಯ ಸಾಲಿನಲ್ಲಿ ಸುಮಾರು 3 ಮೀಟರ್, ದಿನಕ್ಕೆ ತೆಗೆಯಬಹುದು. ಪೂರ್ತಿ ಕೈಯಿಂದಲೇ ಆದರೆ 40 ಮೀಟರಿಗೆ ಎರಡು ವಾರ. ಇದನ್ನು ಕೇಳಿ ಹೌಹಾರುವವರು ಪರೀಕ್ಷಾ ಗುಂಡಿಗೆ ನಾಲ್ಕು ದಿನ ಕೊಟ್ಟಿದ್ದರೆ ಯಾವ ಹತ್ತು ಮೀಟರಿಗೆ ಕೈ ಬೇಕು, ಯಾವುದಕ್ಕೆ ಬೇಡ ಎಂದು ಮೊದಲೇ ಗೊತ್ತಿರುತ್ತಿತ್ತು.

1.5 ಮೀಟರಿಗಿಂತ ಆಳವಾದಲ್ಲಿ ಆಸರೆ ಹಲಗೆ ಇಲ್ಲದೆ ಯಾರೂ ಇಳಿಯಬಾರದು. ಛೇದ ಕಾಣುವುದಿಲ್ಲ ಎಂದು ಹಲಗೆ ತೆಗೆಸುವ ಪುರಾತತ್ವಜ್ಞರೂ ಇದ್ದಾರೆ. ಹಲಗೆಗಳ ನಡುವೆ ಅಂತರ ಬಿಟ್ಟು, ಒಂದೊಂದಾಗಿ ಸರಿಸುತ್ತಾ ಬರೆದುಕೊಳ್ಳಬಹುದು. ಒದ್ದೆ ಕೆಂಪುಮಣ್ಣು ಕುಸಿಯುವ ಮುನ್ನ ಸೂಚನೆ ಕೊಡುವುದಿಲ್ಲ.

ಕಂಡದ್ದನ್ನು ಓದುವುದು

ಮಡಿಕೇರಿ ಕೋಟೆಯ ಇತಿಹಾಸವೇ ಇಲ್ಲಿ ಸ್ತರಗಳ ಪಟ್ಟಿ. 1681ರಲ್ಲಿ ಕೊಡಗಿನ ಅರಸ ಮುದ್ದುರಾಜನ ಮಣ್ಣಿನ ಕೋಟೆ, ಆಮೇಲೆ ಟಿಪ್ಪುವಿನ ಕಲ್ಲಿನ ಕೋಟೆ, 1790ರಲ್ಲಿ ದೊಡ್ಡ ವೀರರಾಜೇಂದ್ರನ ವಶ, 1812–14ರ ಅರಮನೆ, 1834ರಿಂದ ಬ್ರಿಟಿಷರು, 1855ರಲ್ಲಿ ವೀರಭದ್ರ ದೇವಾಲಯ ತೆಗೆದ ಜಾಗದಲ್ಲಿ ಚರ್ಚ್, 1933ರಲ್ಲಿ ಗಡಿಯಾರ ಗೋಪುರ. ಪ್ರತಿ ಕಟ್ಟುವಿಕೆಯ ಹಿಂದೆ ಒಂದು ಕೆಡವುವಿಕೆ ಇದೆ, ಆ ಒಡಕು ಎಲ್ಲೋ ತಗ್ಗಿಗೆ ಬಿದ್ದಿದೆ. ಹಾಗಾಗಿ ಇಟ್ಟಿಗೆಚೂರು ತುಂಬಿದ ಪದರವೆಂದರೆ ಅಲ್ಲೇ ಗೋಡೆ ಇತ್ತು ಎಂದೇನಲ್ಲ.

ಕಾಲ ಹೇಳುವ ವಸ್ತುಗಳಲ್ಲಿ ಬಡವಾಗಿ ಕಾಣುವವೇ ಹೆಚ್ಚು ಉಪಯೋಗಿ. ಮಂಗಳೂರು ಹೆಂಚಿನ ಚೂರು ಒಂದೇ ಒಂದು ಇದ್ದರೂ ಆ ಪದರ 1865ರ ನಂತರದ್ದು, ಬಾಸೆಲ್ ಮಿಷನ್ನಿನ ಹೆಂಚಿನ ಕಾರ್ಖಾನೆ ಶುರುವಾದದ್ದೇ ಆಗ. ಗೋಲಿಸೋಡಾ ಬಾಟಲಿಯ ಕತ್ತು ಸಿಕ್ಕಿದರೆ 1872ರ ನಂತರ. ಪಿವಿಸಿ ಚೂರು ಸಿಕ್ಕಿದರೆ ನಮ್ಮ ಅಪ್ಪಂದಿರ ಕಾಲ. ತಿರುಗುಮುರುಗು ತರ್ಕ ನಡೆಯುವುದಿಲ್ಲ: ಆನೆಯ ಚಿತ್ರದ ಟಿಪ್ಪು ಪೈಸೆ ಸಿಕ್ಕಿತೆಂದು ಪದರ ಟಿಪ್ಪುವಿನದ್ದಾಗದು, ಆ ಪೈಸೆ ಎಷ್ಟೋ ವರ್ಷ ಕೈಯಿಂದ ಕೈಗೆ ಓಡಾಡಿ ಬಿದ್ದಿರಬಹುದು. ಪದರದಲ್ಲಿರುವ ಅತಿ ಹೊಸ ವಸ್ತುವೇ ಪದರದ ಹಿರಿತನದ ಮಿತಿ, ಪದರ ಅದಕ್ಕಿಂತ ಹಳೆಯದಾಗಿರಲಾರದು.

ಹಳೆಯ ಚರಂಡಿಗೆ ಎರಡು ಕಾಲಗಳಿರುತ್ತವೆ, ಇಲ್ಲೇ ಹೆಚ್ಚಿನ ವರದಿಗಳು ಎಡವುವುದು. ಒಳಗಿನ ಹೂಳಿನಲ್ಲಿ ಸಿಕ್ಕ ಬಳೆಚೂರು, ಮಣಿ, ಗುಂಡು, ನಾಣ್ಯ ಹೇಳುವುದು ಚರಂಡಿಯನ್ನು ಶುಚಿ ಮಾಡುವುದು ನಿಲ್ಲಿಸಿದ ಕಾಲವನ್ನು. ಕಟ್ಟಿದ ಕಾಲ ಬೇಕಾದರೆ ತಳದ ಕಲ್ಲಿನ ಕೆಳಗಿನ ಮಣ್ಣು, ಬದಿಗೋಡೆಯ ಹಿಂದೆ ತುಂಬಿದ ಮಣ್ಣು ನೋಡಬೇಕು. ಅದಕ್ಕಾಗಿ ಚೆನ್ನಾಗಿರುವ ಚರಂಡಿ ಬಿಚ್ಚಬೇಡಿ. ಎಲ್ಲಿ ಆಗಲೇ ಮುರಿದಿದೆಯೋ ಅಲ್ಲಿ ಅರ್ಧ ಮೀಟರ್ ಶುಚಿ ಮಾಡಿದರೆ ಸಾಕು. ಹೂಳನ್ನು ಮಾತ್ರ ಹಾಗೇ ಎಸೆಯಬೇಡಿ, 2 ಮಿ.ಮೀ. ಜರಡಿಯಲ್ಲಿ ನೀರು ಹಾಕಿ ಪೂರ್ತಿ ಸೋಸಿ. ಉಳಿದ ಮಣ್ಣಿಗೆ 5 ಮಿ.ಮೀ. ಒಣ ಜರಡಿ, ಐದು ಬಾಣಲಿಗೊಂದರಂತೆ. ಪ್ರತಿ ಹೂಳು ಪದರದಿಂದ 10–20 ಲೀಟರ್ ಬೀಜ, ಇದ್ದಿಲಿನ ಪರೀಕ್ಷೆಗೆ ತೆಗೆದಿಡಿ.

ಮೋಸ ಮಾಡುವ ಸಂಗತಿಗಳೂ ಇವೆ. ಜಂಬಿಟ್ಟಿಗೆಯ ಕೆಳಗೆ ಬಿಳಿ, ಹಳದಿ, ನೇರಳೆ ಮಚ್ಚೆಯ ಮೆದುಮಣ್ಣು ಬರುತ್ತದೆ. ಗಾರೆ ನೆಲವೆಂದು ಸಂಭ್ರಮಿಸುವ ಮುನ್ನ ಒಂದು ಹನಿ ದುರ್ಬಲ ಆಮ್ಲ ಬಿಡಿ, ಸುಣ್ಣವಾದರೆ ನೊರೆಯುತ್ತದೆ, ಇದು ನೊರೆಯುವುದಿಲ್ಲ. ಸಿಲ್ವರ್ ಓಕ್ ಬೇರು ಕೊಳೆತ ಜಾಗ ಕಂಬದ ಕುಳಿಯಂತೆಯೇ ಕಾಣುತ್ತದೆ. ಉದ್ದಕ್ಕೆ ಸೀಳಿ ನೋಡಿ, ಬೇರು ತಿರುಚಿಕೊಂಡು ಇಳಿಯುತ್ತದೆ, ಕಂಬದ ಕುಳಿಗೆ ತಳ ಇರುತ್ತದೆ. ಕೋಟೆಯ ಹೊರಗೆ ಅಗಲವಾದ ವಿ ಆಕಾರದ ತುಂಬುಮಣ್ಣು ಛೇದದಲ್ಲಿ ಕಂಡರೆ ಅದು ಕಡಂಗವಾಗಿರಬಹುದು. ಕೊಡಗಿನ ಈ ಹಳೆಯ ಕಂದಕಗಳು ಎಷ್ಟೋ ಕಾಫಿ ತೋಟಗಳ ನಡುವೆ ಇಂದಿಗೂ ಹಾದುಹೋಗುತ್ತವೆ, ನೀರು ಹರಿಯುವ ಸಿದ್ಧದಾರಿಯೆಂದು ಅವುಗಳಿಗೆ ಚರಂಡಿ ಬಿಡುವ ಚಪಲ ಎಲ್ಲ ಎಂಜಿನಿಯರಿಗೂ ಬರುತ್ತದೆ. ಬೇಡ.

ನಮ್ಮ ಆಮ್ಲಗುಣದ ಮಣ್ಣಿನಲ್ಲಿ ಮೂಳೆ ಉಳಿಯುವುದು ಕಷ್ಟ. ಮೂಳೆ ಸಿಗಲಿಲ್ಲವೆಂದು ಮೂಳೆ ಇರಲಿಲ್ಲ ಎಂದು ಬರೆಯಬೇಡಿ. ಸದಾ ನೀರಿನಲ್ಲಿದ್ದ ಮರ ಮಾತ್ರ ಆಶ್ಚರ್ಯಪಡುವಷ್ಟು ಚೆನ್ನಾಗಿ ಉಳಿದಿರುತ್ತದೆ. ಅದನ್ನು ಬಿಸಿಲಿಗಿಟ್ಟರೆ ಒಂದೇ ದಿನದಲ್ಲಿ ಸೀಳುತ್ತದೆ. ಒದ್ದೆ ಸ್ಪಂಜಿನಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ, ನೆರಳಿನಲ್ಲಿಡಿ.

ದಾಖಲೆ

ಪ್ರತಿ ಪದರಕ್ಕೆ, ಪ್ರತಿ ಕಡಿತಕ್ಕೆ (ಹಿಂದೆ ಯಾರೋ ಅಗೆದ ಗುಂಡಿ, ಕುಳಿ), ಪ್ರತಿ ಗೋಡೆಗೆ ಒಂದೊಂದು ಸಂಖ್ಯೆ. ಗುಂಡಿಗೊಂದು, ಗುಂಡಿಯೊಳಗಿನ ಮಣ್ಣಿಗೊಂದು, ಎರಡೂ ಬೇರೆ ಬೇರೆ. ಛೇದ 1:10ಕ್ಕೆ, ನೆಲನಕ್ಷೆ 1:20ಕ್ಕೆ. ಅಳತೆಯನ್ನು ಕಟ್ಟಡದ ಎರಡು ಕದಲದ ಮೂಲೆಗಳಿಂದ ತೆಗೆಯಿರಿ. ಫೋನಿನ ಜಿಪಿಎಸ್ ಹಲವು ಮೀಟರ್ ತಪ್ಪುತ್ತದೆ, 45 ಸೆಂ.ಮೀ. ಅಗಲದ ಕಾಲುವೆಗೆ ಅದು ನಿರುಪಯೋಗಿ. ಮಟ್ಟಕ್ಕೆ ಡಂಪಿ ಲೆವೆಲ್ ಎಂಬ ಸರ್ವೆ ದುರ್ಬೀನು, ಸ್ಥಿರಬಿಂದು ಒಂದು ಅಲುಗಾಡದ ಮೆಟ್ಟಿಲಿನ ಮೇಲೆ. ಚೀಟಿ ಬರೆಯುವುದು ಪೆನ್ಸಿಲಿನಲ್ಲಿ: ಪೆನ್ನಿನ ಶಾಯಿ ಕೊಡಗಿನ ತೇವಕ್ಕೆ ಒಂದು ಮಳೆಗಾಲ ತಡೆಯುವುದಿಲ್ಲ. ಏನೂ ಸಿಗದ ಹತ್ತು ಮೀಟರಿಗೂ ಛೇದದ ಚಿತ್ರ ಬರೆಯಿರಿ, ಮುಂದೆ ಯಾರಾದರೂ ಅಗೆಯಬೇಕಾದಾಗ ಅವರಿಗೆ ಬೇಕಾಗುವುದು ಆ ಖಾಲಿ ಜಾಗದ ಚಿತ್ರವೇ.

ನಾಣ್ಯದ ಕುಡಿಕೆಯೋ ಲೋಹದ ವಿಗ್ರಹವೋ ಸಿಕ್ಕಿದರೆ ಫೋಟೋ ವಾಟ್ಸ್ಆ್ಯಪಿಗೆ ಹೋಗುವ ಮೊದಲು ಮಹಜರು ಆಗಬೇಕು. 1878ರ ನಿಧಿ ಕಾಯ್ದೆಯಂತೆ 10 ರೂಪಾಯಿ ಮೀರಿದ ಮೌಲ್ಯದ ನಿಧಿಯನ್ನು ಕಂಡವರು ಜಿಲ್ಲಾಧಿಕಾರಿಗೆ ಲಿಖಿತವಾಗಿ ತಿಳಿಸಬೇಕು. ಸುದ್ದಿ ಹರಡಿದ ರಾತ್ರಿಯೇ ಯಾರೋ ಬಂದು ಕಾಲುವೆ ಕೆದಕುತ್ತಾರೆ, ಆ ರಾತ್ರಿಗೆ ಕಾವಲು ಮೊದಲೇ ಹೇಳಿಡಿ.

ಪೈಪು, ಮುಚ್ಚುವಿಕೆ, ಮೊದಲ ಮಳೆ

ಕಾಲುವೆಯಲ್ಲಿ ಹಳೆಯ ಗೋಡೆ ಅಡ್ಡ ಬಂದರೆ ಪೈಪನ್ನು ಅದರ ಮೇಲಿನಿಂದ ಹಾಯಿಸಿ. ಅದಕ್ಕೆ ಇಳಿಜಾರು 100ಕ್ಕೆ 1ರಿಂದ 150ಕ್ಕೆ 1ರ ತನಕ ತಗ್ಗಿದರೂ 160 ಮಿ.ಮೀ. ಪೈಪಿನಲ್ಲಿ ನೀರು ಹೋಗುತ್ತದೆ, ಶುಚಿ ಮಾಡುವ ಸರದಿ ಹೆಚ್ಚುತ್ತದೆ ಅಷ್ಟೇ. ಗೋಡೆ ಕೊರೆದು ತೂರಿಸುವುದು ಕಟ್ಟಕಡೆಯ ದಾರಿ.

ತೆರೆದ ಹಳೆಯ ನೆಲದ ಮೇಲೆ ಮೊದಲು ನೀರು ಬಿಟ್ಟು ಮಣ್ಣು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ, ಅದರ ಮೇಲೆ 5 ಸೆಂ.ಮೀ. ತೊಳೆದ ಮರಳು, ಆಮೇಲೆ ಪೈಪು, ಸುತ್ತ 20 ಮಿ.ಮೀ. ತೊಳೆದ ಜಲ್ಲಿ. ಜಲ್ಲಿಯನ್ನೂ ಬಟ್ಟೆಯಲ್ಲಿ ಸುತ್ತಿ, 30 ಸೆಂ.ಮೀ. ಒಂದರ ಮೇಲೊಂದು ಬರುವಂತೆ. ಹಳೆಯ ಗಾರೆಗೆ ತಾಗುವಂತೆ ಸಿಮೆಂಟ್ ಹಾಕಬೇಡಿ: ಅದು ನೀರನ್ನು ಗಾರೆಯೊಳಗೇ ಕಟ್ಟಿಹಾಕಿ ಉಪ್ಪು ಮೂಡಿಸುತ್ತದೆ, ಆಮೇಲೆ ಒಡೆಯುವುದು ಸಿಮೆಂಟ್ ಪಕ್ಕದ ಹಳೆಯದೇ. ಬಟ್ಟೆಯ ಕೆಳಗೆ ಈ ವರ್ಷದ ಒಂದು ರೂಪಾಯಿ ನಾಣ್ಯ ಇಡಿ, ಮುಂದೆ ಅಗೆಯುವವರಿಗೆ ಎಲ್ಲಿಯ ತನಕ ನಾವು ಕೈಯಾಡಿಸಿದ್ದೇವೆ ಎಂಬುದು ತಿಳಿಯುತ್ತದೆ.

ಜೂನ್ ಕೊನೆಯಲ್ಲೊಮ್ಮೆ, ಕಕ್ಕಡದಲ್ಲೊಮ್ಮೆ ಕೆಳಬಾಯಿಗೆ ಹೋಗಿ ಒಂದು ಗಾಜಿನ ಬಾಟಲಿ ನೀರು ಹಿಡಿದು ಅರ್ಧ ಗಂಟೆ ಬಿಟ್ಟು ನೋಡಿ. ಮೊದಲ ಎರಡು ಮೂರು ವಾರ ಸ್ವಲ್ಪ ಕೆಂಪು ಇಳಿಯುವುದು ಸಹಜ. ಕಕ್ಕಡದಲ್ಲೂ ಬಾಟಲಿಯ ತಳದಲ್ಲಿ ಬೆರಳಗಲ ಕೆಂಪು ಕೂರುತ್ತಿದ್ದರೆ ಎಲ್ಲೋ ಬಟ್ಟೆ ಹರಿದಿದೆ, ಮಣ್ಣು ಒಳಗಿನಿಂದ ತೊಳೆದು ಹೋಗುತ್ತಿದೆ. ಗೋಡೆಯ ಮೇಲಿನ ಗಾಜಿನ ಪಟ್ಟಿಗಳನ್ನು ಅದೇ ದಿನ ನೋಡಿ. ಒಂದು ಪಟ್ಟಿ ಒಡೆದಿದ್ದರೂ ಅದಕ್ಕೆ ಹತ್ತಿರದ ಚೇಂಬರನ್ನು ಮೊದಲು ತೆರೆಯಿರಿ.